ಸೈನಿಕ ಗೊಂಬೆಗಳ ಮೇಲೆ ಬಿಳಿ ಪೊರೆ: ಕಾರಣ ಹಿಡಿಯುವ ಬಗೆ, ಕಳೆಯುವ ದಾರಿ

ಆಷಾಢದ ಒಂದು ಸಂಜೆ ಮಳೆ ಬಿಡುವು ಕೊಟ್ಟಿತೆಂದು ಮೈಸೂರಿನ ನಮ್ಮ ಮನೆಯ ತಾರಸಿಗೆ ಹೋಗಿ ಇಪ್ಪತ್ತನಾಲ್ಕು ಸೈನಿಕರಿಗೆ ಮ್ಯಾಟ್ ವಾರ್ನಿಷ್, ಅಂದರೆ ಹೊಳಪಿಲ್ಲದ ವಾರ್ನಿಷ್, ಸಿಂಪಡಿಸಿದೆ. 28 ಮಿಲಿಮೀಟರ್ ಅಳತೆಯ ಲೋಹದ ಗೊಂಬೆಗಳು, ಟಿಪ್ಪುವಿನ ಕಾಲಾಳುಗಳು. ನೇರಳೆ ಅಂಗಿ, ಅದರ ತುಂಬ ಹುಲಿಪಟ್ಟೆಯನ್ನು ನೆನಪಿಸುವ ಬಿಳಿ ಗುರುತುಗಳು, ಕೆಂಪು ರುಮಾಲು, ಕೆಂಪು ನಡುಕಟ್ಟು. ಒಂದೊಂದು ಅಂಗಿಗೆ ಮೂವತ್ತು ನಲವತ್ತು ಗುರುತುಗಳನ್ನು ಕುಂಚದ ತುದಿಯಿಂದ ಇಡುವುದಕ್ಕೇ ಎರಡು ತಿಂಗಳು ಹಿಡಿದಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಇಡೀ ದಂಡು ಮೈಗೆ ವಿಭೂತಿ ಬಳಿದುಕೊಂಡು ನಿಂತಂತಿತ್ತು. ನೇರಳೆ ಬೂದಿಯಾಗಿತ್ತು. ನಾನು ಇಟ್ಟ ಬಿಳಿ ಯಾವುದು, ತಾನಾಗಿ ಬಂದ ಬಿಳಿ ಯಾವುದು ಎಂದು ಬೇರೆ ಮಾಡಲಾಗುತ್ತಿರಲಿಲ್ಲ.

ಆಗ ಎರಡು ತಪ್ಪು ಮಾಡಿದೆ. ಒಂದು, ಅದರ ಮೇಲೆಯೇ ಇನ್ನೊಂದು ಸಲ ಅದೇ ವಾರ್ನಿಷ್ ಹೊಡೆದೆ, ಬಿಳುಪು ಇಮ್ಮಡಿಯಾಯಿತು. ಇನ್ನೊಂದು, ಗಾಬರಿಯಲ್ಲಿ ಒಬ್ಬ ಸೈನಿಕನನ್ನು ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿದೆ. ವಾರ್ನಿಷ್ ಜೊತೆಗೆ ಅವನ ಮುಖವೂ ಬಂದುಬಿಟ್ಟಿತು. ಈ ಎರಡೂ ತಪ್ಪಿನ ಬೇರು ಒಂದೇ: ಬಿಳಿ ಕಂಡ ಕೂಡಲೇ ರೋಗ ತಿಳಿಯಿತು ಎಂದುಕೊಂಡದ್ದು. ಬಿಳುಪು ಜ್ವರವಿದ್ದಂತೆ. ಅದು ಲಕ್ಷಣ, ರೋಗವಲ್ಲ. ನನ್ನ ಮೇಜಿನ ಮೇಲೆಯೇ ಈ ತನಕ ಏಳು ಬಗೆಯ ಬಿಳುಪನ್ನು ಕಂಡಿದ್ದೇನೆ, ಒಂದಕ್ಕೆ ಹಾಕುವ ಮದ್ದು ಇನ್ನೊಂದಕ್ಕೆ ವಿಷವಾಗುತ್ತದೆ. ಆದ್ದರಿಂದ ಬಾಟಲಿ ತೆರೆಯುವ ಮೊದಲು ಕಾರಣ ಹಿಡಿಯಬೇಕು.

ಮುಟ್ಟುವ ಮೊದಲು ನೋಡುವುದು

ಗೊಂಬೆಯನ್ನು ಕಿಟಕಿಯ ಬಳಿ ಹಗಲು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಎಲ್ಲಿದೆ ಎಂಬುದೇ ಅರ್ಧ ಉತ್ತರ.

ಮೈಯೆಲ್ಲ ಒಂದೇ ಸಮನೆ ಮಂಜು ಕವಿದಂತಿದ್ದರೆ, ಅದರಲ್ಲೂ ಸ್ಪ್ರೇ ಬಿದ್ದ ಬದಿಯಲ್ಲಿ ಹೆಚ್ಚಾಗಿದ್ದರೆ, ಅದು ವಾರ್ನಿಷ್‌ನದು. ಬಟ್ಟೆಯ ಮಡಿಕೆಗಳಲ್ಲಿ, ಕಂಕುಳಲ್ಲಿ, ನಡುಕಟ್ಟಿನ ಕೆಳಗೆ ಮಾತ್ರ ಹಿಟ್ಟು ಕೂತಂತಿದ್ದರೆ ಮ್ಯಾಟ್ ವಾರ್ನಿಷ್‌ನ ಪುಡಿ ಅಲ್ಲಿ ಸೇರಿಕೊಂಡಿದೆ. ಅಂಚು ಸ್ಪಷ್ಟವಾಗಿರುವ ಉಂಗುರದಂತಿದ್ದರೆ, ಬೋರ್‌ವೆಲ್ ನೀರು ಆರಿದ ಸ್ಟೀಲ್ ಲೋಟದ ಕಲೆಯಂತೆ ಕಂಡರೆ, ಅದು ನೀರಿನ ಲವಣ. ಆಮೇಲೆ ಅಂಟಿಸಿದ ಕೈ, ಗುರಾಣಿ, ಬಾವುಟದ ಕೋಲಿನ ಸುತ್ತ ಮಾತ್ರ ಹಬೆ ಹಿಡಿದಂತಿದ್ದರೆ ಕ್ಷಣದಲ್ಲಿ ಅಂಟುವ ಗೋಂದಿನ ಆವಿ. ಪೀಠದಿಂದ ಹೊರಟು ಕಾಲಿನ ಮೇಲೆ ಹತ್ತುತ್ತಿದ್ದರೆ, ಎಳೆ ಎಳೆಯಾಗಿ ಕಂಡರೆ, ಬೂಷ್ಟು. ಬಯೊನೆಟ್ ತುದಿ, ಕತ್ತಿಯ ಅಲಗು, ಪಾದದ ಅಡಿಯಲ್ಲಿ ಬಣ್ಣವನ್ನು ಒಳಗಿನಿಂದ ಎತ್ತಿಕೊಂಡು ಪುಡಿ ಹೊರಗೆ ಬರುತ್ತಿದ್ದರೆ ಅದು ಸೀಸದ್ದು. ಅಲ್ಲಿಗೇ ಕೈ ನಿಲ್ಲಿಸಿ, ಕೆಳಗೆ ಅದರ ಬಗ್ಗೆ ಬರೆದದ್ದನ್ನು ಓದಿ. ಬೆಳಕಿಗೆ ಹೊರಳಿಸಿದಾಗ ಮಿಣುಗುವ ಸಣ್ಣ ಹರಳುಗಳಿದ್ದು ಪೆಟ್ಟಿಗೆಗೆ ನುಸಿಗುಳಿಗೆಯ ವಾಸನೆಯಿದ್ದರೆ ಕಾರಣ ಹುಡುಕಲು ಬೇರೆಲ್ಲೂ ಹೋಗಬೇಕಾಗಿಲ್ಲ.

ಯಾವಾಗ ಬಂತು ಎಂಬುದು ಎರಡನೆಯ ಪ್ರಶ್ನೆ. ವಾರ್ನಿಷ್‌ನ ಬಿಳುಪು ಗಂಟೆಗಳಲ್ಲಿ ಬರುತ್ತದೆ, ಗೋಂದಿನದು ರಾತ್ರಿ ಕಳೆಯುವುದರೊಳಗೆ, ಬೂಷ್ಟು ವಾರಗಳಲ್ಲಿ, ಸೀಸದ್ದು ತಿಂಗಳು ವರ್ಷಗಳಲ್ಲಿ.

ಒಂದು ಹನಿ ನೀರು

ನನ್ನ ಕಾಲಾಳುಗಳ ರೋಗವನ್ನು ಹಿಡಿದುಕೊಟ್ಟವರು ಗೊಂಬೆ ಬಣ್ಣದವರಲ್ಲ, ಬೀಟೆ ಮರದ ಕುಸುರಿ ಕೆಲಸಕ್ಕೆ ಪಾಲಿಶ್ ಮಾಡುವ ಹಿರಿಯರೊಬ್ಬರು. ಒಂದು ಪೀಠೋಪಕರಣದ ಕೆಲಸಕ್ಕೆ ಅವರಲ್ಲಿಗೆ ಹೋದಾಗ ಜೇಬಿನಲ್ಲಿದ್ದ ಗೊಂಬೆಯನ್ನು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು, ಪಕ್ಕದ ಲೋಟದಲ್ಲಿ ಬೆರಳು ಅದ್ದಿ ಸೈನಿಕನ ಬೆನ್ನ ಮೇಲೆ ಒಂದು ಹನಿ ಇಟ್ಟರು. ಹನಿ ಹರಡಿದ ಕಡೆಯಲ್ಲೆಲ್ಲ ಬೂದಿ ಮಾಯವಾಗಿ ಗಾಢ ನೇರಳೆ ಎದ್ದು ಬಂತು, ಬಿಳಿ ಗುರುತುಗಳು ಒಂದೊಂದಾಗಿ ಚೂಪಾಗಿ ಕಂಡವು. ಅರ್ಧ ನಿಮಿಷದಲ್ಲಿ ನೀರು ಆರಿತು, ಬೂದಿ ಮತ್ತೆ ಕವಿಯಿತು.

“ಇದು ಕೆಟ್ಟಿಲ್ಲ ಸಾರ್, ಬೆವೆತಿದೆ. ಮಳೆಗಾಲದಲ್ಲಿ ನಮ್ಮ ಅರಗಿನ ಪಾಲಿಶ್ ಕೂಡ ಹೀಗೇ ಬೆಳ್ಳಗಾಗುತ್ತದೆ. ಒಳಗಿನ ಬಣ್ಣಕ್ಕೆ ಏನೂ ಆಗಿಲ್ಲ” ಎಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಕೈಗೆ ಸ್ಪಿರಿಟ್ ಹಚ್ಚಿಕೊಂಡರೆ ಚರ್ಮ ತಣ್ಣಗಾಗುತ್ತದಲ್ಲವೇ? ವಾರ್ನಿಷ್‌ನ ದ್ರಾವಕವೂ ಆವಿಯಾಗುವಾಗ ಗೊಂಬೆಯ ಮೈಯನ್ನು ಹಾಗೆಯೇ ತಣಿಸುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಣ್ಣನೆಯ ಮೈಮೇಲೆ ಇಬ್ಬನಿ ಕೂರುತ್ತದೆ. ಆ ಇಬ್ಬನಿ ಇನ್ನೂ ಹಸಿಯಾಗಿರುವ ಪೊರೆಯೊಳಗೆ ಸಿಕ್ಕಿಕೊಂಡು, ಆಮೇಲೆ ತಾನೂ ಆರಿ, ಕಣ್ಣಿಗೆ ಕಾಣದ ಕೋಟಿ ತೂತುಗಳನ್ನು ಬಿಟ್ಟುಹೋಗುತ್ತದೆ. ಬೆಳಕು ಆ ತೂತುಗಳಲ್ಲಿ ಚೆದುರಿ ಬಿಳಿಯಾಗಿ ಕಾಣುತ್ತದೆ. ನೀರಿನ ಹನಿ ತೂತುಗಳನ್ನು ತುಂಬಿದಾಗ ಚೆದುರುವುದು ನಿಲ್ಲುತ್ತದೆ, ಕೆಳಗಿನ ಬಣ್ಣ ಕಾಣುತ್ತದೆ.

ಹನಿ ಪರೀಕ್ಷೆಗೆ ಒಂದು ಮಿತಿಯಿದೆ. ಮ್ಯಾಟ್ ವಾರ್ನಿಷ್ ಹೊಳಪು ಕಳೆಯುವುದು ಅದರಲ್ಲಿ ಬೆರೆಸಿದ ಸಿಲಿಕಾದಂಥ ನುಣುಪು ಪುಡಿಯಿಂದ. ಡಬ್ಬಿಯನ್ನು ಸರಿಯಾಗಿ ಕುಲುಕದಿದ್ದರೆ, ಅಥವಾ ದಪ್ಪವಾಗಿ ಬಳಿದರೆ, ಆ ಪುಡಿ ಗುಂಪುಗೂಡಿ ಬೆಳ್ಳಗೆ ಕೂರುತ್ತದೆ. ಅದೂ ನೀರು ಬಿದ್ದಾಗ ಮಾಯವಾಗುತ್ತದೆ, ಆರಿದಾಗ ಬರುತ್ತದೆ. ತೆಳುವಾದ ಲವಣದ ಕಲೆ, ಬೂಷ್ಟು ಕೂಡ ಒದ್ದೆಯಾದಾಗ ಮಸುಕಾಗುವುದುಂಟು. ಆದ್ದರಿಂದ ಭೂತಗನ್ನಡಿ ಮೊದಲು, ಹನಿ ಆಮೇಲೆ. ಹನಿ ಇಟ್ಟರೂ ಬಿಳಿ ಒಂದಿಷ್ಟೂ ಕದಲದಿದ್ದರೆ ಮೇಲೆ ಬೇರೇನೋ ಗಟ್ಟಿಯಾಗಿ ಕೂತಿದೆ ಎಂದು ತಿಳಿಯಿರಿ.

ವಾರ್ನಿಷ್‌ನ ಬಿಳುಪಿಗೆ

ಇಬ್ಬನಿಯೋ ಪುಡಿಯೋ ಎಂಬ ಭೇದ ಮುಂದಿನ ಸಲದ ಎಚ್ಚರಕ್ಕೆ ಬೇಕು. ಮದ್ದು ಎರಡಕ್ಕೂ ಒಂದೇ. ತೂತುಗಳನ್ನು ನೀರಿನ ಬದಲು ಆರದೇ ಉಳಿಯುವ ಒಂದು ವಸ್ತುವಿನಿಂದ ತುಂಬಬೇಕು. ಅದು ಗ್ಲಾಸ್ ವಾರ್ನಿಷ್, ಅಂದರೆ ಹೊಳಪಿನ ವಾರ್ನಿಷ್.

ಗೊಂಬೆಯನ್ನು ಒಣ ಕೋಣೆಯಲ್ಲಿ ಒಂದು ದಿನ ಇಡಿ. ನೀರು ಬೆರೆಯುವ ಅಕ್ರಿಲಿಕ್ ಗ್ಲಾಸ್ ವಾರ್ನಿಷ್ ತೆಗೆದುಕೊಂಡು, ಮೆತ್ತನೆಯ ಕುಂಚದಿಂದ ತೆಳುವಾಗಿ ಹಚ್ಚಿ. ಕುಂಚ ಆಡಿಸುತ್ತಿದ್ದಂತೆಯೇ ನೇರಳೆ ಮರಳುವುದು ಕಾಣುತ್ತದೆ. ಆ ಕ್ಷಣದ ನೆಮ್ಮದಿಗೆ ಬೆಲೆ ಕಟ್ಟಲಾಗದು. ಮಡಿಕೆಗಳಲ್ಲಿ ನಿಂತ ವಾರ್ನಿಷ್ ಅನ್ನು ಒಣ ಕುಂಚದಿಂದ ಹೀರಿ ತೆಗೆಯಿರಿ. ಆರಿದ ಮೇಲೆ ಅಲ್ಲಲ್ಲಿ ಬೂದಿ ಉಳಿದಿದ್ದರೆ ಎರಡನೆಯ ಕೋಟ್. ಗೊಂಬೆ ಈಗ ಸಕ್ಕರೆ ಪಾಕದಲ್ಲಿ ಅದ್ದಿದಂತೆ ಹೊಳೆಯುತ್ತದೆ, ಹೆದರಬೇಡಿ. ಇಪ್ಪತ್ತನಾಲ್ಕು ಗಂಟೆ ಬಿಟ್ಟು ಮ್ಯಾಟ್ ವಾರ್ನಿಷ್ ಅನ್ನು ಈ ಸಲ ಕುಂಚದಿಂದಲೇ ಹಚ್ಚಿ. ಬಾಟಲಿಯನ್ನು ಎರಡು ನಿಮಿಷ ಬಿಡದೆ ಕುಲುಕಿ, ತಳದಲ್ಲಿ ಪುಡಿ ಉಳಿದಿಲ್ಲವೆಂದು ನೋಡಿಯೇ ಬಳಸಿ.

ಆಲಿವ್ ಎಣ್ಣೆಯನ್ನು ಸವರಿದರೆ ಬಿಳುಪು ಹೋಗುತ್ತದೆ ಎಂದು ಗೊಂಬೆ ಬಣ್ಣದವರು ಹೇಳುತ್ತಾರೆ. ಹೋಗುವುದು ನಿಜ, ಕಾರಣವೂ ಅದೇ: ಎಣ್ಣೆ ತೂತು ತುಂಬುತ್ತದೆ. ಆದರೆ ಅದು ಗಟ್ಟಿಯಾಗಿ ಆರುವ ಎಣ್ಣೆಯಲ್ಲ, ಧೂಳು ಹಿಡಿಯುತ್ತದೆ, ಆಮೇಲೆ ಹಚ್ಚುವ ವಾರ್ನಿಷ್ ಸರಿಯಾಗಿ ಕಚ್ಚುವುದಿಲ್ಲ. ಆಡಲು ಕೈಯಲ್ಲಿ ಹಿಡಿಯುವ ಗೊಂಬೆಗೆ ನಾನು ಅದನ್ನು ಬಳಸುವುದಿಲ್ಲ. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆಯನ್ನಂತೂ ಮುಟ್ಟಬೇಡಿ. ಧನುರ್ಮಾಸದ ಚಳಿಗೆ ಬಾಟಲಿಯಲ್ಲಿ ಹೆಪ್ಪುಗಟ್ಟಿ ಬೆಳ್ಳಗಾಗುವ ಎಣ್ಣೆ ಸೈನಿಕನ ಮೈಮೇಲೂ ಹಾಗೇ ಮಾಡುತ್ತದೆ.

ಮತ್ತೆ ಬರದಂತೆ: ಕೆಲವು ನೂರು ರೂಪಾಯಿಗೆ ಸಿಗುವ ತೇವಮಾಪಕವನ್ನು ಕೊಳ್ಳಿ. ತೇವಾಂಶ ಶೇ. 70 ದಾಟಿದ ದಿನ ನಾನು ಸ್ಪ್ರೇ ಡಬ್ಬಿಯನ್ನು ಕಪಾಟಿನಿಂದ ತೆಗೆಯುವುದೇ ಇಲ್ಲ. ಮಳೆ ನಿಂತಿದೆ ಎಂಬುದು ಗಾಳಿ ಒಣಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಮಳೆ ನಿಂತ ಸಂಜೆಯೇ ತೇವ ಹೆಚ್ಚಿರುವ ಹೊತ್ತು. ಬಿಸಿಲು ಏರಿದ ಹನ್ನೊಂದು ಗಂಟೆಯ ಮೇಲೆ, ಗೊಂಬೆಯೂ ಡಬ್ಬಿಯೂ ಕೋಣೆಯ ಬಿಸುಪಿಗೆ ಬಂದ ಮೇಲೆ, ಮೊದಲು ಒಂದೇ ಗೊಂಬೆಗೆ ಹೊಡೆದು ಅರ್ಧ ಗಂಟೆ ಕಾಯಿರಿ. ಇಪ್ಪತ್ತನಾಲ್ಕನ್ನೂ ಒಟ್ಟಿಗೆ ನಿಲ್ಲಿಸುವುದು ಆಮೇಲೆ. ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲವೆಂದರೆ ಮಳೆಗಾಲದುದ್ದಕ್ಕೂ ಕುಂಚದ ವಾರ್ನಿಷ್‌ಗೇ ಅಂಟಿಕೊಳ್ಳುವುದು ಒಳ್ಳೆಯದು.

ಬಿಳಿ ದೋಷವೋ, ಇರಬೇಕಾದದ್ದೋ

ಇದೊಂದು ಪಕ್ಕದ ಮಾತು, ಆದರೆ ಟಿಪ್ಪುವಿನ ದಂಡಿಗೆ ಬಣ್ಣ ಹಚ್ಚುವವರಿಗೆ ಬೇಕಾದದ್ದು. 1790ರ ದಶಕದ ಇಂಗ್ಲಿಷರ ವಿವರಣೆಗಳು ಟಿಪ್ಪುವಿನ ಕಾಲಾಳುಗಳ ಅಂಗಿಯನ್ನು ನೇರಳೆ ಬಟ್ಟೆಯ ಮೇಲೆ ಬಿಳಿ ವಜ್ರಾಕೃತಿಯ ಚುಕ್ಕೆಗಳೆಂದು ಹೇಳುತ್ತವೆ. ಅಡ್ಡಪಟ್ಟಿ ಕಪ್ಪು ಚರ್ಮದ್ದು. ಎದುರಿನ ಕೆಂಪಂಗಿಯ ಇಂಗ್ಲಿಷರ ಅಡ್ಡಪಟ್ಟಿ ಬಿಳಿ. ಹೀಗಾಗಿ ಎರಡೂ ಕಡೆ ಉದ್ದೇಶಪೂರ್ವಕವಾದ ಬಿಳಿ ಇದ್ದೇ ಇರುತ್ತದೆ. ವಾರ್ನಿಷ್ ಹೊಡೆಯುವ ಮುನ್ನ ಅದೇ ಕಿಟಕಿಯ ಬೆಳಕಿನಲ್ಲಿ ಮೊಬೈಲ್‌ನಿಂದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಹೋಲಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲಿರುವ 1780ರ ಪೊಲ್ಲಿಲೂರು ಕಾಳಗದ ಚಿತ್ರವನ್ನು ನಾನು ವರ್ಷಕ್ಕೊಮ್ಮೆಯಾದರೂ ನೋಡಿ ಬರುತ್ತೇನೆ. ಸಾಲುಗಳು ನಿಂತ ರೀತಿ, ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷ್ ದಳಪತಿ ಬೇಯ್ಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಇವೆಲ್ಲ ಗೊಂಬೆ ಜೋಡಿಸಲು ಅಮೂಲ್ಯ. ಆದರೆ ಆ ಚಿತ್ರ ಹಲವು ಸಲ ದುರಸ್ತಿಯಾಗಿದೆ. ಅಲ್ಲಿ ಕಂಡ ಛಾಯೆಯೇ ಅಂದಿನ ಬಟ್ಟೆಯ ಛಾಯೆ ಎಂದು ಹಟ ಹಿಡಿಯಲಾರೆ.

ಸೀಸದ ಬಿಳುಪು

ಈಗ ಬರುವ ಗೊಂಬೆಗಳಲ್ಲಿ ಹೆಚ್ಚಿನವು ಸೀಸವಿಲ್ಲದ ತವರದ ಮಿಶ್ರಲೋಹ, ಇಲ್ಲವೇ ಪ್ಲಾಸ್ಟಿಕ್. ಯಾರದೋ ಹಳೆಯ ಸಂಗ್ರಹವನ್ನು ಕೊಂಡಿದ್ದರೆ ಮಾತ್ರ ಈ ಭಾಗ ನಿಮಗೆ. ಸೀಸವನ್ನು ಮುಚ್ಚಿದ ಮರದ ಕಪಾಟಿನಲ್ಲಿ ಇಟ್ಟಾಗ ಮರ, ಪ್ಲೈವುಡ್, ಎಂಡಿಎಫ್ ಹಲಗೆಗಳಿಂದ ಹೊರಡುವ ವಿನೆಗರ್ ಜಾತಿಯ ಆಮ್ಲದ ಆವಿ ಅದನ್ನು ತಿನ್ನುತ್ತದೆ. ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಸೇರಿ ಸೀಸದ ಕಾರ್ಬೊನೇಟ್ ಆಗುತ್ತದೆ. ಹಿಂದೆ ಚಿತ್ರಕಾರರು ಬಿಳಿ ಬಣ್ಣವಾಗಿ ಬಳಸುತ್ತಿದ್ದ ಸೀಸದ ಸಫೇದ ಇದೇ ವಸ್ತು. ಕೆಡುಕೆಂದರೆ ಆ ಆಮ್ಲ ಖರ್ಚಾಗುವುದಿಲ್ಲ. ಬಿಡುಗಡೆಯಾಗಿ ಮತ್ತೆ ಲೋಹವನ್ನು ಹಿಡಿಯುತ್ತದೆ.

ಈ ಪುಡಿ ವಿಷ. ಒಣ ಬ್ರಷ್‌ನಿಂದ ಉಜ್ಜಬೇಡಿ, ಮರಳು ಕಾಗದ ಹಿಡಿಯಬೇಡಿ, ಊದಬೇಡಿ. ಕೈಗವಸು ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಅಡುಗೆಮನೆಯ ಕಟ್ಟೆಯ ಮೇಲೆ ಈ ಕೆಲಸ ಬೇಡ, ಮಕ್ಕಳಿರುವ ಕೋಣೆಯಲ್ಲೂ ಬೇಡ. ಅಂಥ ಗೊಂಬೆಯನ್ನು ಉಳಿದವುಗಳಿಂದ ಬೇರೆ ಮಾಡಿ, ಗಾಳಿಯಾಡುವ ಲೋಹದ ಅಥವಾ ಗಾಜಿನ ಕಪಾಟಿಗೆ ಸೇರಿಸಿ. ಮೇಲೆ ವಾರ್ನಿಷ್ ಬಳಿದು ಮುಚ್ಚಿಬಿಟ್ಟರೆ ಒಳಗೊಳಗೇ ತಿನ್ನುವುದು ನಿಲ್ಲುವುದಿಲ್ಲ. ಲವಣದ ಕಲೆಗೆ ವಿನೆಗರ್ ಹೇಳುತ್ತೇನೆ, ಮುಂದೆ ಓದುತ್ತೀರಿ. ಅದನ್ನು ಸೀಸಕ್ಕೆ ತಾಗಿಸಿದರೆ ಬೆಂಕಿಗೆ ತುಪ್ಪ ಹೊಯ್ದಂತೆ.

ದಸರಾ ಗೊಂಬೆಯ ಪೆಟ್ಟಿಗೆಯಿಂದ ಬಂದ ಬಿಳುಪು

ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸಿದಾಗ ಪಟ್ಟದ ಗೊಂಬೆಗಳಿಂದ ಮೂರು ಮೆಟ್ಟಿಲು ಕೆಳಗೆ ನನ್ನ ದಂಡಿಗೂ ಜಾಗವುಂಟು. ಒಂದು ವರ್ಷ ಹಬ್ಬ ಮುಗಿದ ಮೇಲೆ ಅತ್ತಿಗೆ ಎಲ್ಲ ಗೊಂಬೆಗಳೊಂದಿಗೆ ಸೈನಿಕರನ್ನೂ ಹತ್ತಿಯಲ್ಲಿ ಸುತ್ತಿ, ಟ್ರಂಕಿನಲ್ಲಿಟ್ಟು, ಜೋಪಾನವಾಗಿರಲಿ ಎಂದು ನಾಲ್ಕು ನುಸಿಗುಳಿಗೆ ಹಾಕಿದ್ದರು. ಮುಂದಿನ ವರ್ಷ ತೆಗೆದರೆ ಲೋಹದವರ ಮೈಮೇಲೆ ಸಣ್ಣ ಹರಳುಗಳು, ಗಟ್ಟಿ ಪ್ಲಾಸ್ಟಿಕ್‌ನ ಕುದುರೆ ಸವಾರರ ಮೈ ಬೆರಳಿಗೆ ಅಂಟುವಷ್ಟು ಮೆತ್ತಗೆ. ನುಸಿಗುಳಿಗೆ ಕರಗದೆ ನೇರ ಆವಿಯಾಗುತ್ತದೆ, ಆ ಆವಿ ತಣ್ಣನೆಯ ಮೈಮೇಲೆ ಮತ್ತೆ ಹರಳಾಗಿ ಕೂರಬಲ್ಲದು. ಪಾಲಿಸ್ಟೈರೀನ್ ಪ್ಲಾಸ್ಟಿಕ್ ಅನ್ನು ಅದು ಮೆತ್ತಗೆ ಮಾಡುತ್ತದೆ. ಹರಳನ್ನು ಉಜ್ಜಬೇಡಿ. ನೆರಳಿನಲ್ಲಿ, ಗಾಳಿಯಾಡುವಲ್ಲಿ ಕೆಲವು ದಿನ ಬಿಟ್ಟರೆ ತಾನಾಗಿ ಹಾರಿಹೋಗುತ್ತದೆ. ಮೆತ್ತಗಾದ ಪ್ಲಾಸ್ಟಿಕ್ ಅನ್ನು ಮಾತ್ರ ಬೆರಳು ತಾಗಿಸದೆ ವಾರಗಟ್ಟಲೆ ಬಿಡಬೇಕು. ಹಿಡಿದಲ್ಲಿ ಬೆರಳಚ್ಚು ಉಳಿದುಬಿಡುತ್ತದೆ. ಸೈನಿಕರಿಗೆ ನುಸಿಗುಳಿಗೆ ಬೇಕಿಲ್ಲ, ಸಿಲಿಕಾ ಜೆಲ್ ಪೊಟ್ಟಣ ಸಾಕು.

ಪೀಠದ ಬೂಷ್ಟು, ನೀರಿನ ಕಲೆ, ಗೋಂದಿನ ಹಬೆ

1799ರ ಮೇ 4ರಂದು ಇಂಗ್ಲಿಷರ ಪಡೆ ಬೇಸಿಗೆಯ ಕಾವೇರಿಯ ಬಂಡೆ, ಮರಳು, ಮೊಣಕಾಲು ನೀರಿನ ನಡುವೆ ದಾಟಿ ಶ್ರೀರಂಗಪಟ್ಟಣದ ಕೋಟೆಯ ಒಡಕಿಗೆ ಏರಿತು. ಆ ದೃಶ್ಯಕ್ಕೆ ಪೀಠ ಮಾಡುವವರು ಅದೇ ಹೊಳೆಯ ಮರಳು ಒಂದು ಹಿಡಿ ತರಲು ಆಸೆಪಡುವುದು ಸಹಜ. ಹೊಳೆಯ ಮರಳಿನಲ್ಲಿ ಪಾಚಿ, ಬೇರು, ಎಲೆಚೂರು ಇರುತ್ತವೆ; ಬಿಳಿ ಗೋಂದಿನ ತೇವ ಸಿಕ್ಕಿದರೆ ಮಳೆಗಾಲದಲ್ಲಿ ಬೂಷ್ಟು ಎದ್ದೇ ಏಳುತ್ತದೆ. ಕಾಫಿ ಚರಟ, ಮರದ ಹೊಟ್ಟು ಬಳಸಿದರೂ ಅಷ್ಟೆ. ಮರಳನ್ನು ತೊಳೆದು, ಹಳೆಯ ಬಾಣಲೆಯಲ್ಲಿ ಹೊಗೆ ನಿಲ್ಲುವ ತನಕ ಹುರಿದು, ತಣಿಸಿ ಬಳಸಿ. ಬಂದ ಬೂಷ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತುಸುವೇ ತಾಗಿಸಿದ ಹತ್ತಿಕಡ್ಡಿಯಿಂದ ಪೀಠದಲ್ಲಿ ಮಾತ್ರ ಒತ್ತಿ ತೆಗೆಯಿರಿ. ಸೈನಿಕನ ಮೈಗೆ ತಾಗಿದರೆ ಅಕ್ರಿಲಿಕ್ ಬಣ್ಣ ಏಳುತ್ತದೆ.

ನೀರಿನ ಕಲೆ ಬರುವುದು ವಾಷ್, ಅಂದರೆ ನೀರು ಬೆರೆಸಿ ತೆಳುವಾಗಿಸಿದ ಬಣ್ಣ, ಹಚ್ಚಿದಾಗ. ಗಡಸು ನೀರಿನಲ್ಲಿ ಬಣ್ಣ ತೆಳು ಮಾಡಿದರೆ ನೀರು ಹೋಗುತ್ತದೆ, ಲವಣ ಉಳಿಯುತ್ತದೆ. ವಾರ್ನಿಷ್ ಹಚ್ಚುವ ಮೊದಲು ಕಂಡರೆ ವಿನೆಗರ್‌ನಲ್ಲಿ ನೆನೆಸಿ ಹಿಂಡಿದ ಹತ್ತಿಕಡ್ಡಿಯನ್ನು ತಾಗಿಸಿ, ಕೂಡಲೇ ಶುದ್ಧ ನೀರಿನ ಕಡ್ಡಿಯಿಂದ ಒರೆಸಿ. ಮುಂದಕ್ಕೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರನ್ನೇ ಬಳಸಿ; ಅದು ಲವಣ ತೆಗೆದ ನೀರು, ಒಂದು ಲೀಟರ್ ತಿಂಗಳುಗಟ್ಟಲೆ ಬರುತ್ತದೆ. ಕೊಳ್ಳುವಾಗ ಆಮ್ಲದ ಡಬ್ಬಿಯಲ್ಲ, ನೀರಿನದೇ ಎಂದು ಚೀಟಿ ನೋಡಿ.

ಗೋಂದಿನ ಹಬೆಗೆ ಗ್ಲಾಸ್ ವಾರ್ನಿಷ್ ಸಾಕು, ಉಳಿದರೆ ಬಣ್ಣದಿಂದ ಮುಚ್ಚಬೇಕು. ಗೋಂದನ್ನು ಸೂಜಿ ಮೊನೆಯಷ್ಟೇ ಹಚ್ಚಿ, ಅಂಟಿಸಿದ ಗೊಂಬೆಯನ್ನು ಮುಚ್ಚಿದ ಡಬ್ಬಿಯಲ್ಲಿ ಇಡದೆ ಗಾಳಿಗೆ ಬಿಟ್ಟರೆ ಇದು ಬರುವುದೇ ವಿರಳ.

ಬಿಳುಪೆಂದು ತಪ್ಪಾಗಿ ತಿಳಿಯುವ ಇನ್ನೊಂದು ದೋಷ ಮೈ ರವೆಯಂತೆ ತರಿತರಿಯಾಗುವುದು. ಅದು ತೇವದ್ದಲ್ಲ, ಏಪ್ರಿಲ್ ಬಿಸಿಲಿನದು. ದೂರದಿಂದ ಹೊಡೆದ ಸ್ಪ್ರೇ ಗೊಂಬೆಯನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಆರಿ ಪುಡಿಯಾಗಿ ಬೀಳುತ್ತದೆ. ಹನಿ ನೀರಿಟ್ಟರೂ ತರಿ ಬೆರಳಿಗೆ ಸಿಗುತ್ತದೆ. ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಹಂತದಲ್ಲೇ ಹೀಗಾದರೆ ಮರುಯೋಚನೆ ಬೇಡ, ಎಲ್ಲ ತೆಗೆದು ಮೊದಲಿಂದ ಮಾಡಿ.

ನನ್ನ ಇಪ್ಪತ್ತನಾಲ್ವರಲ್ಲಿ ಇಪ್ಪತ್ತೊಂದು ಮಂದಿ ಒಂದೇ ಕೋಟ್ ಗ್ಲಾಸ್ ವಾರ್ನಿಷ್‌ಗೆ ಚೇತರಿಸಿಕೊಂಡರು, ಇಬ್ಬರಿಗೆ ಎರಡು ಕೋಟ್ ಬೇಕಾಯಿತು. ಈಗ ಪ್ರತಿ ಪೀಠದ ಅಡಿಯಲ್ಲಿ ವಾರ್ನಿಷ್ ಹಚ್ಚಿದ ದಿನ, ಹೊತ್ತು, ತೇವಾಂಶವನ್ನು ಸಣ್ಣ ಅಕ್ಷರದಲ್ಲಿ ಬರೆಯುತ್ತೇನೆ. ಥಿನ್ನರ್‌ಗೆ ಮುಖ ಕಳೆದುಕೊಂಡವನಿಗೆ ಹೊಸ ಮುಖ ಬರೆದೆ, ರುಮಾಲನ್ನೂ ಮತ್ತೆ ಹಚ್ಚಿದೆ. ಅವನ ಕೆಂಪು ಉಳಿದವರದಕ್ಕಿಂತ ಒಂದು ಛಾಯೆ ಗಾಢವಾಗಿ ಬಂತು. ಅವನನ್ನು ಸಾಲಿನ ಬಲತುದಿಯಲ್ಲಿ ನಿಲ್ಲಿಸಿದ್ದೇನೆ.